‘ಯೆಸ್ ಸರ್’ ಎಂದ ಮೇಲೂ ಇನ್ನೊಮ್ಮೆ ಕೇಳಿ: ಸೇನಾ ವೈದ್ಯಕೀಯ ಸಂಸ್ಥೆಗೆ ಬಂದ ವಿದೇಶಿ ವಿದ್ಯಾರ್ಥಿಯನ್ನು ನೋಡಿಕೊಳ್ಳುವ ಬಗೆ

ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ, ವಿಮಾನಪುರದ ಬಳಿ, ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. ಎಲ್ಲರೂ ಐಎಎಂ ಅನ್ನುತ್ತಾರೆ. 1957ರಲ್ಲಿ ಶುರುವಾದ, ಹಾರಾಟದಲ್ಲಿ ದೇಹಕ್ಕೆ ಏನಾಗುತ್ತದೆ ಎಂಬುದರ ವೈದ್ಯಶಾಸ್ತ್ರ ಕಲಿಸುವ ಸಂಸ್ಥೆ. ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋಗುವ ಮುನ್ನ ವೈದ್ಯಕೀಯ ತಪಾಸಣೆ ನಡೆದದ್ದು ಇಲ್ಲಿ, ಗಗನಯಾನಕ್ಕೆ ಪೈಲಟ್‌ಗಳನ್ನು ಸೋಸಿದ್ದೂ ಇಲ್ಲೇ. ಇಲ್ಲಿಯ ಎಂ.ಡಿ. ಪದವಿ ಬರುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ. ನಮ್ಮ ಮೂರೂ ಪಡೆಗಳ ವೈದ್ಯರ ಜೊತೆಗೆ ಸ್ನೇಹಿ ರಾಷ್ಟ್ರಗಳ ವೈದ್ಯಾಧಿಕಾರಿಗಳೂ ಇಂಥ ಸಂಸ್ಥೆಗೆ ಕಲಿಯಲು ಬರುವುದುಂಟು. 1948ರಲ್ಲಿ ಶುರುವಾದ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಅಂದರೆ ಎಎಫ್‌ಎಂಸಿಯಲ್ಲೂ ಎಂ.ಬಿ.ಬಿ.ಎಸ್‌ಗೆ ಹೊರದೇಶದ ಕೆಡೆಟ್‌ಗಳಿಗೆ ಕೆಲವು ಸೀಟುಗಳಿವೆ.

ಹೀಗೆ ಬಂದವರನ್ನು ನೋಡಿಕೊಳ್ಳುವ ಕೆಲಸ ಯಾರ ಮೇಲಾದರೂ ಬೀಳಬಹುದು: ಕೋರ್ಸ್ ಕೋಆರ್ಡಿನೇಟರ್, ಆಫೀಸಿನ ಗುಮಾಸ್ತರು, ಮೆಸ್ ಸೆಕ್ರೆಟರಿ, ಇಲ್ಲವೇ ‘ಬಡ್ಡಿ’ಯಾಗಿ ನೇಮಿಸಿದ ಸಹಪಾಠಿ. (ಕನ್ನಡದವರಿಗೆ ಬಡ್ಡಿ ಎಂದರೆ ಸಾಲದ ನೆನಪಾಗುತ್ತದೆ. ಇಲ್ಲಿ ಅದು ಜೊತೆಗಾರ.) ಬಂದವರು ತಮ್ಮ ದೇಶದಲ್ಲಿ ಆರಿಸಿ ಕಳುಹಿಸಿದ ವೈದ್ಯರು. ವಿಷಯ ಗೊತ್ತಿಲ್ಲದೆ ಅವರು ಎಡವುವುದು ಕಡಿಮೆ. ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎನ್ನಲು, ನೋವಾದಾಗ ನೋವು ಎನ್ನಲು, ಹಣ ಮುಗಿದಾಗ ಮುಗಿದಿದೆ ಎನ್ನಲು ಅವರ ಬಾಯಿ ಬರುವುದಿಲ್ಲ. ಮುಂದಿನದೆಲ್ಲ ಆ ಬಾಯಿ ಬಿಡಿಸುವ ಕೆಲಸವೇ.

ಬರುವ ಮುನ್ನ

ಮೊದಲು ಹೆಸರು. ಪಾಸ್‌ಪೋರ್ಟಿನ ಮಾಹಿತಿ ಪುಟದ ಪ್ರತಿಯನ್ನು ಮುಂಚೆಯೇ ತರಿಸಿಕೊಂಡು, ಅದರಲ್ಲಿ ಹೇಗಿದೆಯೋ ಹಾಗೇ, ಅಕ್ಷರಕ್ಕೆ ಅಕ್ಷರ, ಎಲ್ಲ ಕಡೆ ಬರೆಯಿಸಿ. ಮ್ಯಾನ್ಮಾರ್‌ನ ಬಹುಪಾಲು ಜನರಿಗೆ ಮನೆತನದ ಹೆಸರೇ ಇರುವುದಿಲ್ಲ. ಅರಬ್ ಹೆಸರುಗಳಲ್ಲಿ ತಂದೆ, ತಾತ ಸಾಲಾಗಿ ಬರುತ್ತಾರೆ. ಫಾರ್ಮು ಮಾತ್ರ ‘ಸರ್‌ನೇಮ್’ ಎಂಬ ಖಾನೆ ತುಂಬದೆ ಮುಂದೆ ಬಿಡುವುದಿಲ್ಲ. ಆಗ ಗುಮಾಸ್ತರು ಹೆಸರಿನ ಕೊನೆಯ ಪದವನ್ನು ಕಿತ್ತು ಅಲ್ಲಿ ಹಾಕುತ್ತಾರೆ. ವಿಶ್ವವಿದ್ಯಾಲಯದ ನೋಂದಣಿಯಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ಮೂರು ವರ್ಷದ ಬಳಿಕ ಪದವಿ ಪತ್ರ ಹಿಡಿದು ಹೋದಾಗ ಅವರ ದೇಶದ ಮೆಡಿಕಲ್ ಕೌನ್ಸಿಲ್ ‘ಇವರು ಯಾರು?’ ಎನ್ನುತ್ತದೆ. ಎರಡು ಇನಿಷಿಯಲ್ ಹೊತ್ತು ಪಾಸ್‌ಪೋರ್ಟ್ ಕಚೇರಿಗೆ ಅಲೆದ ಕನ್ನಡಿಗರಿಗೆ ಈ ಪಾಡು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು, ವೈದ್ಯಕೀಯ ನೋಂದಣಿ. ಸ್ನಾತಕೋತ್ತರ ಕೋರ್ಸಿಗೆ ಬರುವ ವಿದೇಶಿ ವೈದ್ಯರಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ತಾತ್ಕಾಲಿಕ ನೋಂದಣಿ ಬೇಕು. ಅದು ಆ ಕೋರ್ಸಿನ ಅವಧಿಗೆ, ಆ ಸಂಸ್ಥೆಗೆ ಮಾತ್ರ ಸೀಮಿತ. ಮೂಲ ಪದವಿ ಪತ್ರ, ತಾಯ್ನಾಡಿನ ನೋಂದಣಿ ಪತ್ರ, ಅವು ಇಂಗ್ಲಿಷಿನಲ್ಲಿಲ್ಲದಿದ್ದರೆ ದೃಢೀಕರಿಸಿದ ಅನುವಾದ, ಇಷ್ಟನ್ನು ಅಲ್ಲಿಂದ ಹೊರಡುವ ಮುನ್ನವೇ ಪೆಟ್ಟಿಗೆಗೆ ಹಾಕಿಸಿ. ಇಲ್ಲಿಗೆ ಬಂದ ಮೇಲೆ ಅನುವಾದ ತರಿಸಲು ಹೊರಟರೆ ವಾರಗಳು ತಿಂಗಳಾಗುತ್ತವೆ.

ಮೂರನೆಯದು, ಹಳದಿ ಜ್ವರದ ಲಸಿಕೆ. ಆ ಜ್ವರ ಇರುವ ಆಫ್ರಿಕಾ, ದಕ್ಷಿಣ ಅಮೆರಿಕದ ದೇಶಗಳಿಂದ ಬರುವವರು, ಆ ದೇಶಗಳ ಮೂಲಕ ಹಾದು ಬರುವವರು ಲಸಿಕೆ ಪ್ರಮಾಣಪತ್ರ ತೋರಿಸಬೇಕು. ಲಸಿಕೆ ಹಾಕಿಸಿದ 10 ದಿನಗಳ ಬಳಿಕವಷ್ಟೇ ಅದು ಊರ್ಜಿತ. ಇಲ್ಲವಾದರೆ ವಿಮಾನ ನಿಲ್ದಾಣದಿಂದ ನೇರ ಕ್ವಾರಂಟೈನ್‌ಗೆ, 6 ದಿನಗಳವರೆಗೆ. ಟಿಕೆಟ್ ಬುಕ್ ಮಾಡುವ ಹೊತ್ತಿಗೆ ಮಧ್ಯದ ನಿಲ್ದಾಣ ಯಾವುದೆಂದು ಒಮ್ಮೆ ಕೇಳಿ ನೋಡಿ.

ಕೋರ್ಸಿನ ಖರ್ಚು ಯಾರದು ಎಂಬುದನ್ನೂ ಕಾಗದದಲ್ಲಿ ತಿಳಿದುಕೊಂಡಿರಿ. 1964ರಲ್ಲಿ ಶುರುವಾದ ಐಟೆಕ್ (ಭಾರತದ ತಾಂತ್ರಿಕ ಮತ್ತು ಆರ್ಥಿಕ ಸಹಕಾರ) ಯೋಜನೆಯಡಿ ಬಂದವರಿಗೆ ಭಾರತ ಸರ್ಕಾರವೇ ಭತ್ಯೆ ಕೊಡುತ್ತದೆ. ತಮ್ಮ ದೇಶದ ಖರ್ಚಿನಲ್ಲಿ ಬಂದವರ ಹಣ ರಾಯಭಾರ ಕಚೇರಿಯ ಮೂಲಕ ಬರುತ್ತದೆ, ಮೊದಲ ಕಂತು ಬಹುಪಾಲು ತಡವಾಗಿಯೇ ಬರುತ್ತದೆ. ಒಂದೇ ಬೆಂಚಿನ ಇಬ್ಬರು ವಿದೇಶಿಯರಲ್ಲಿ ಒಬ್ಬರ ಕೈಯಲ್ಲಿ ಹಣ ಓಡಾಡುತ್ತಿರುತ್ತದೆ, ಇನ್ನೊಬ್ಬರು ಮೆಸ್ ಬಿಲ್ಲಿಗೆ ಹೆದರಿ ರಾತ್ರಿ ಊಟ ಬಿಟ್ಟಿರುತ್ತಾರೆ. ಮೊದಲ ತಿಂಗಳ ಮೆಸ್ ಬಿಲ್ ಮುಂದಕ್ಕೆ ಹಾಕಬಹುದೇ ಎಂದು ಮೆಸ್ ಸೆಕ್ರೆಟರಿಯನ್ನು ಅವರು ಬರುವ ಮುನ್ನವೇ ಕೇಳಿಟ್ಟುಕೊಳ್ಳಿ.

ಮೊದಲ 24 ಗಂಟೆ, ಮೊದಲ 14 ದಿನ

ದೂರದ ವಿಮಾನಗಳು ಹೆಚ್ಚಾಗಿ ನಡುರಾತ್ರಿ ಇಳಿಯುತ್ತವೆ. ದೇವನಹಳ್ಳಿಯಿಂದ ವಿಮಾನಪುರಕ್ಕೆ ಸುಮಾರು 40 ಕಿ.ಮೀ. ಕರೆತರಲು ಹೋಗುವವರ ಕೈಯಲ್ಲಿ ಹೆಸರಿನ ಬೋರ್ಡ್ ಇರಲಿ, ಆದರೆ ಅದರ ಮೇಲೆ ರ್‍ಯಾಂಕ್, ಪಡೆ ಬರೆಯಬೇಡಿ. ನೀರಿನ ಬಾಟಲಿ, ಬಾಳೆಹಣ್ಣು, ಮಾತಾಡಲು ಒಂದು ಫೋನು ಸಾಕು. ಆ ರಾತ್ರಿ ‘ಬಂದು ತಲುಪಿದೆ’ ಎಂದು ಮನೆಗೆ ಫೋನ್ ಮಾಡಿಸಿ. ಓರಿಯಂಟೇಶನ್ ಪುಸ್ತಕ ಬೆಳಗ್ಗೆ ಕೊಟ್ಟರಾಯಿತು.

ಆ ಬೆಳಗ್ಗೆಯೇ ಗಡಿಯಾರ ಓಡಲು ಶುರುವಾಗಿರುತ್ತದೆ. ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು, ಅದು ಮೆಸ್ ಆಗಲಿ, ಹಾಸ್ಟೆಲ್ ಆಗಲಿ, ಬಾಡಿಗೆ ಮನೆಯ ಯಜಮಾನರಾಗಲಿ, 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತಿಳಿಸಬೇಕು. ಎಲ್ಲರ ಬಾಯಲ್ಲೂ ಅದು ‘ಸಿ ಫಾರ್ಮ್’. 2025ರ ಸೆಪ್ಟೆಂಬರ್ 1ರಂದು ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಗೆ ಬಂದಿದೆ, ಆದ್ದರಿಂದ ಫೈಲಿನಲ್ಲಿರುವ ಹಳೇ ಪ್ರಿಂಟ್‌ಔಟ್ ನೋಡಿ ತುಂಬದೆ ಪೋರ್ಟಲ್‌ನಲ್ಲಿ ಇಂದು ಏನು ಕೇಳುತ್ತಿದೆಯೋ ಅದನ್ನೇ ತುಂಬಿ. ವೀಸಾ ಅವಧಿ 180 ದಿನ ಮೀರಿದ್ದರೆ ಬಂದ 14 ದಿನಗಳೊಳಗೆ ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಲ್ಲಿ ನೋಂದಣಿ. ಇದೂ ಆನ್‌ಲೈನೇ. ನೇಪಾಳ, ಭೂತಾನದವರಿಗೆ ವೀಸಾ ಬೇಡ, ಈ ನೋಂದಣಿಯೂ ಬೇಡ.

ಇಲ್ಲಿ ಕೆಲಸ ಕೆಡುವುದು ಹೀಗೆ. ನೋಂದಣಿಗೆ ಓಟಿಪಿ ಬರಲು ಫೋನ್ ನಂಬರ್ ಬೇಕು. ಆಧಾರ್ ಇಲ್ಲದವರಿಗೆ ಮೂಲೆ ಅಂಗಡಿಯಲ್ಲಿ ಬೆರಳೊತ್ತಿ ಸಿಮ್ ಸಿಗುವುದಿಲ್ಲ. ಕಂಪನಿಯ ಸ್ವಂತ ಮಳಿಗೆಗೆ ಪಾಸ್‌ಪೋರ್ಟ್, ವೀಸಾ ಒಯ್ಯಬೇಕು. ಬ್ಯಾಂಕ್ ಖಾತೆಗೆ ವಿಳಾಸದ ದಾಖಲೆ ಬೇಕು, ವಿಳಾಸಕ್ಕೆ ನೋಂದಣಿ ಪತ್ರ ಬೇಕು, ನೋಂದಣಿಗೆ ಸಂಸ್ಥೆಯ ಬೋನಫೈಡ್ ಪತ್ರ ಬೇಕು. ಸರಪಳಿಯ ತುದಿ ನಿಮ್ಮ ಕೈಯಲ್ಲಿದೆ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಕೋರ್ಸಿನ ಆರಂಭ ಮತ್ತು ಮುಕ್ತಾಯದ ದಿನಾಂಕ, ವಾಸದ ವಿಳಾಸ ಇರುವ ಬೋನಫೈಡ್ ಪತ್ರವನ್ನು ಸೀಲು ಹಾಕಿ ಆರು ಪ್ರತಿ ತಯಾರಿಟ್ಟರೆ ಮೊದಲ ವಾರದಲ್ಲಿ ಆರೂ ಖರ್ಚಾಗುತ್ತವೆ. ಹನ್ನೆರಡು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಸಿ. ಕ್ರಮ ಇದು: ಬೋನಫೈಡ್, ಸಿಮ್, ನೋಂದಣಿ, ಬ್ಯಾಂಕ್. ಅಡ್ಡಾದಿಡ್ಡಿ ಮಾಡಿದರೆ ಒಂದೇ ಕೌಂಟರಿಗೆ ಮೂರು ಸಲ ಹೋಗಬೇಕಾಗುತ್ತದೆ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲೇ ಇದ್ದವರು ಆಧಾರ್‌ಗೆ ಅರ್ಜಿ ಹಾಕಬಹುದು. ಮೂರು ವರ್ಷದ ಎಂ.ಡಿ.ಗೆ ಬಂದವರಿಗೆ ಇದು ಹೇಳಿಡಬೇಕಾದ ಮಾತು.

ಪಾಸ್‌ಪೋರ್ಟನ್ನು ‘ಸೇಫಾಗಿರಲಿ’ ಎಂದು ಆಫೀಸಿನ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ಪ್ರತಿ ಇಟ್ಟುಕೊಳ್ಳಿ, ಮೂಲ ಅವರ ಬಳಿಯೇ ಇರಲಿ. ಮನೆಯಲ್ಲಿ ಸಾವಾಗಿ ರಾತ್ರೋರಾತ್ರಿ ಹೊರಡಬೇಕಾದವರ ಪಾಸ್‌ಪೋರ್ಟ್ ಬೀರುವಿನಲ್ಲಿ, ಬೀರುವಿನ ಕೀಲಿ ರಜೆಯಲ್ಲಿರುವವರ ಜೇಬಿನಲ್ಲಿ ಎಂದಾದರೆ ಯಾರು ಉತ್ತರ ಹೇಳುವುದು?

ಸೇನಾ ಆವರಣದಲ್ಲಿ ಫೋನ್ ಒಯ್ಯಬಾರದ ಜಾಗ, ಫೋಟೋ ತೆಗೆಯಬಾರದ ಜಾಗ, ವಿದೇಶಿಯರು ಹೋಗಬಾರದ ಜಾಗ ಬೇರೆ ಬೇರೆ. ‘ಅಲ್ಲಿಗೆಲ್ಲ ಹೋಗಬೇಡಿ’ ಎಂದರೆ ಏನೂ ತಿಳಿಯುವುದಿಲ್ಲ. ಮೊದಲ ದಿನವೇ ಕಾಲ್ನಡಿಗೆಯಲ್ಲಿ ಸುತ್ತಿಸಿ, ಗೇಟು ಗೇಟಿಗೆ ನಿಂತು, ‘ಇಲ್ಲಿ ಫೋನ್ ಕೊಟ್ಟು ಒಳಗೆ, ಇಲ್ಲಿಂದಾಚೆಗೆ ನಿಮಗಿಲ್ಲ’ ಎಂದು ತೋರಿಸಿ. ಗೇಟಿನವರಿಗೂ ಆ ಮುಖದ ಪರಿಚಯ ಆಗಲಿ. ಹಗಲಿಡೀ ಫೋನ್ ಲಾಕರಿನಲ್ಲಿರುವುದರಿಂದ ತುರ್ತಿಗೆ ಒಂದು ಲ್ಯಾಂಡ್‌ಲೈನ್ ನಂಬರನ್ನು ಅವರ ಮನೆಗೂ ರಾಯಭಾರ ಕಚೇರಿಗೂ ಕೊಡಿಸಿ. ಆ ಫೋನ್ ಎತ್ತುವವರಿಗೆ ವಿದ್ಯಾರ್ಥಿಯ ಹೆಸರು ಉಚ್ಚರಿಸಲು ಕಲಿಸಿ. ಇದು ಚಿಕ್ಕ ಮಾತಲ್ಲ. ಹೆಸರು ತಿಳಿಯದೆ ‘ರಾಂಗ್ ನಂಬರ್’ ಎಂದು ಇಟ್ಟುಬಿಡುತ್ತಾರೆ.

ತರಗತಿ

‘ಅರ್ಥವಾಯಿತೇ?’ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ. ಹಿರಿಯ ಅಧಿಕಾರಿಗೆ ‘ಇಲ್ಲ’ ಎನ್ನುವುದು ಅನೇಕ ಸೇನೆಗಳಲ್ಲಿ ಉದ್ಧಟತನ. ಹಾಗಾಗಿ ಉತ್ತರ ಯಾವಾಗಲೂ ‘ಯೆಸ್ ಸರ್’. ಬದಲಿಗೆ ‘ಮೊದಲ ಹೆಜ್ಜೆ ಯಾವುದು ಹೇಳಿ’, ‘ಮಾಸ್ಕ್ ಹಾಕಿ ತೋರಿಸಿ’ ಎನ್ನಿ. ಎಲ್ಲರೆದುರು ಒಬ್ಬ ವಿದೇಶಿಯನ್ನೇ ಎಬ್ಬಿಸಿ ಕೇಳಿದರೆ ಮಾನ ಹೋದಂತಾಗುತ್ತದೆ. ಸಾಲಿನಲ್ಲಿ ಮೂರನೆಯವರಾಗಿ ಕೇಳಿ.

ಇಂಗ್ಲಿಷ್ ಚೆನ್ನಾಗಿದ್ದವರೂ ಸೋಲುವುದು ಸಂಕ್ಷೇಪಗಳಲ್ಲಿ. ಎಂಐ ರೂಮ್ (ಘಟಕದ ಚಿಕಿತ್ಸಾ ಕೋಣೆ), ಸಿಕ್ ರಿಪೋರ್ಟ್, ಟಿಯುಸಿ (ಆಮ್ಲಜನಕ ಕಡಿಮೆಯಾದಾಗ ಬುದ್ಧಿ ನೆಟ್ಟಗಿರುವ ಹೊತ್ತು), ಜಿ-ಲಾಕ್ (ಗುರುತ್ವದ ಒತ್ತಡಕ್ಕೆ ಪ್ರಜ್ಞೆ ತಪ್ಪುವುದು), ಎಜಿಎಸ್‌ಎಂ (ಆ ಒತ್ತಡ ತಡೆಯಲು ಸ್ನಾಯು ಬಿಗಿಹಿಡಿಯುವ ವಿಧಾನ), ಡಿಸಿಎಸ್ (ಡಿಕಂಪ್ರೆಶನ್ ಸಿಕ್‌ನೆಸ್). ಒಂದು ಹಾಳೆಯಲ್ಲಿ ನಲವತ್ತು ಸಂಕ್ಷೇಪ, ಪಕ್ಕದಲ್ಲಿ ಬಿಡಿಸಿದ ರೂಪ, ಮೂರನೇ ಕಾಲಂ ಖಾಲಿ. ಅಲ್ಲಿ ಅವರು ತಮ್ಮ ಭಾಷೆಯ ಪದ ಬರೆದುಕೊಳ್ಳಲಿ. ವೈದ್ಯಕೀಯ ದರ್ಜೆಗಳದ್ದು ಇನ್ನೊಂದು ಗೊಂದಲ. ಪೂರ್ತಿ ಆರೋಗ್ಯವಂತರು ನಮ್ಮ ಭೂಸೇನೆಯಲ್ಲಿ ‘ಶೇಪ್-1’, ವಾಯುಪಡೆಯಲ್ಲಿ ‘ಎ1ಜಿ1’, ಅವರ ದೇಶದಲ್ಲಿ ಬೇರೆಯೇ. ಶೇಪ್‌ನ ಐದು ಅಕ್ಷರಗಳು ಮನಸ್ಸು, ಕಿವಿ, ಕೈಕಾಲು, ದೇಹ, ಕಣ್ಣು ಎಂದು ಒಮ್ಮೆ ಬಿಡಿಸಿ ಹೇಳಿದರೆ ಮರೆಯುವುದಿಲ್ಲ. ರ್‍ಯಾಂಕಿನಲ್ಲಿ ವಿಂಗ್ ಕಮಾಂಡರ್ ಎಂದರೆ ಲೆಫ್ಟಿನೆಂಟ್ ಕರ್ನಲ್‌ಗೆ ಸಮ ಎಂಬ ಪಟ್ಟಿ ಗೋಡೆಯ ಮೇಲಿರಲಿ. ಲಕ್ಷ, ಕೋಟಿ ಅನ್ನುವುದನ್ನು ಉಪನ್ಯಾಸದಲ್ಲಿ ಬಿಡಲಾಗದಿದ್ದರೆ ಬೋರ್ಡಿನ ಮೇಲೆ ಸೊನ್ನೆ ಬರೆದು ತೋರಿಸಿ. ‘2.5 ಲಕ್ಷ ಹಾರಾಟದ ಗಂಟೆ’ ಎಂದಾಗ ಹಿಂದಿನ ಬೆಂಚಿನಲ್ಲಿ ಒಬ್ಬರು ಪೆನ್ನು ನಿಲ್ಲಿಸಿರುತ್ತಾರೆ.

ಒಂದು ಅಂಕಿ ಬೆಂಗಳೂರಿನದೇ. ಪುಸ್ತಕದಲ್ಲಿ ಸಮುದ್ರಮಟ್ಟದ ಒತ್ತಡ 760 ಮಿಲಿಮೀಟರ್ ಪಾದರಸ. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ, ಇಲ್ಲಿ ಒತ್ತಡ ಸುಮಾರು 680. ಲೆಕ್ಕ ಮಾಡುವಾಗ 760 ಹಿಡಿದವರ ಉತ್ತರ ಲ್ಯಾಬಿನ ರೀಡಿಂಗ್‌ಗೆ ಕೂಡಿ ಬರುವುದಿಲ್ಲ. ಕರಾವಳಿ ದೇಶದಿಂದ ಬಂದವರು ತಮ್ಮದೇ ತಪ್ಪು ಎಂದುಕೊಂಡು ರಾತ್ರಿಯಿಡೀ ಅದೇ ಲೆಕ್ಕ ತಿದ್ದುತ್ತಾ ಕೂರುತ್ತಾರೆ.

ವೈವಾ, ಅಂದರೆ ಮೌಖಿಕ ಪರೀಕ್ಷೆಯ ಬಗ್ಗೆಯೂ ಮುಂಚೆ ಹೇಳಿ. ನಮ್ಮ ಪರೀಕ್ಷಕರು ಉತ್ತರದ ನಡುವೆ ಬಾಯಿ ಹಾಕುತ್ತಾರೆ, ಇನ್ನೊಂದು ಪ್ರಶ್ನೆ ಎಸೆಯುತ್ತಾರೆ. ನಮ್ಮ ಹುಡುಗರಿಗೆ ಅದು ಎಂ.ಬಿ.ಬಿ.ಎಸ್‌ನಿಂದ ಅಭ್ಯಾಸ. ಹೊರಗಿನವರು ಅದನ್ನು ‘ತಪ್ಪು ಹೇಳಿದೆ, ನಿಲ್ಲಿಸಿದರು’ ಎಂದು ಓದಿಕೊಂಡು ಮೌನವಾಗುತ್ತಾರೆ. ಪರೀಕ್ಷೆಗೆ ಮುನ್ನ ಹತ್ತು ನಿಮಿಷದ ಅಣಕು ವೈವಾ ನಾಲ್ಕೈದು ಬಾರಿ ಮಾಡಿ, ಬೇಕೆಂದೇ ನಡುವೆ ತಡೆದು ನೋಡಿ.

ಪ್ರಬಂಧಕ್ಕೆ ಅಂಕಿಅಂಶ ಯಾರ ಮೇಲಿನದು, ಕೋರ್ಸ್ ಮುಗಿದ ಮೇಲೆ ಅದರಲ್ಲಿ ಏನನ್ನು ಹೊರದೇಶಕ್ಕೆ ಒಯ್ಯಬಹುದು ಎಂಬುದು ಸಿನಾಪ್ಸಿಸ್ (ಪ್ರಬಂಧದ ರೂಪರೇಖೆ) ಸಲ್ಲಿಸುವ ಮುನ್ನವೇ ಬರಹದಲ್ಲಿ ಇತ್ಯರ್ಥವಾಗಬೇಕು. ಭಾರತೀಯ ಪೈಲಟ್‌ಗಳ ಮೇಲೆ ಎರಡು ವರ್ಷ ಅಧ್ಯಯನ ಮಾಡಿಸಿ, ಕೊನೆಗೆ ಲ್ಯಾಪ್‌ಟಾಪಿನಿಂದ ಅಳಿಸಿ ಹೋಗಿ ಎನ್ನುವುದು ಅನ್ಯಾಯ. ಅನುಮತಿ ಕಷ್ಟ ಅನಿಸಿದರೆ ಸ್ವಯಂಸೇವಕರ ಮೇಲೆ ಮಾಡುವ ಲ್ಯಾಬಿನ ವಿಷಯ ಕೊಡಿ.

ಚೇಂಬರ್ ದಿನ

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಇಲ್ಲಿ. ಹೈಪೋಬ್ಯಾರಿಕ್ ಚೇಂಬರ್ ಎಂದರೆ ಗಾಳಿ ಹೀರಿ ತೆಗೆದು ನೆಲದ ಮೇಲೇ ಎತ್ತರವನ್ನು ಉಂಟುಮಾಡುವ ಉಕ್ಕಿನ ಕೋಣೆ. 18,000 ಅಡಿಯಲ್ಲಿ ಒತ್ತಡ ಸಮುದ್ರಮಟ್ಟದ ಅರ್ಧ. 25,000 ಅಡಿಯಲ್ಲಿ ಮಾಸ್ಕ್ ತೆಗೆದರೆ ಬುದ್ಧಿ ನೆಟ್ಟಗಿರುವ ಹೊತ್ತು 3ರಿಂದ 5 ನಿಮಿಷ. 35,000 ಅಡಿಗೆ ಹೋದರೆ ಅದು 30ರಿಂದ 60 ಸೆಕೆಂಡ್. ಆಮ್ಲಜನಕ ಕಡಿಮೆಯಾದಾಗ ತನಗೆ ಏನಾಗುತ್ತದೆ ಎಂದು ಪ್ರತಿಯೊಬ್ಬರೂ ಗುರುತಿಸಿಕೊಳ್ಳುವುದು ಈ ಪಾಠದ ಉದ್ದೇಶ. ಅದನ್ನು ಬಾಯಿಬಿಟ್ಟು ಹೇಳದಿದ್ದರೆ ಪಾಠವೂ ಇಲ್ಲ, ಸುರಕ್ಷತೆಯೂ ಇಲ್ಲ.

ಹಿಂದಿನ ದಿನ ಒಂದು ಚೀಟಿ ಮಾಡಿಸಿ. ಎಡಗಡೆ ಇಂಗ್ಲಿಷಿನಲ್ಲಿ ಎಂಟು ಲಕ್ಷಣ: ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು, ಉಸಿರು ಸಾಲದಂತಾಗುವುದು, ಮೈ ಬಿಸಿಯೇರುವುದು, ದೃಷ್ಟಿ ಕಿರಿದಾಗುವುದು, ಬಣ್ಣ ಮಂಕಾಗುವುದು, ಕಾರಣವಿಲ್ಲದ ನಗು, ಉಗುರು ನೀಲಿಯಾಗುವುದು. ಬಲಗಡೆ ಅವರದೇ ಭಾಷೆಯಲ್ಲಿ. ಚೀಟಿ ಇಲ್ಲದಿದ್ದರೆ ಎಲ್ಲರೂ ‘ಡಿಜಿನೆಸ್’ ಎಂದು ಒಂದೇ ಪದ ಬರೆದು ಬರುತ್ತಾರೆ. ನಮ್ಮಲ್ಲಿ ಜೋಮು ಬೇರೆ, ಜುಮ್ಮು ಬೇರೆ, ತಲೆ ಸುತ್ತು ಬೇರೆ, ಕಣ್ಣು ಕತ್ತಲೆ ಬೇರೆ. ಅವರ ಭಾಷೆಯಲ್ಲೂ ಹಾಗೇ ಇರುತ್ತದೆ. ಇಂಗ್ಲಿಷಿಗೆ ಬಂದಾಗ ಎಲ್ಲ ಒಂದಾಗಿಬಿಡುತ್ತವೆ.

ಮಾಸ್ಕ್ ತೆಗೆದ ಮೇಲೆ 100ರಿಂದ 7 ಕಳೆಯುತ್ತಾ ಹೋಗುವುದು, ಹೆಸರು ಬರೆಯುವುದು ಮಾಮೂಲಿ ಪರೀಕ್ಷೆ. ಮಗ್ಗಿ ಕಲಿತದ್ದು ಯಾವ ಭಾಷೆಯಲ್ಲೋ ಮನಸ್ಸು ಲೆಕ್ಕ ಮಾಡುವುದು ಅದೇ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಹೇಳಿಸಿದರೆ ನೆಲದ ಮೇಲೇ ನಿಧಾನವಾಗುತ್ತಾರೆ. ಆ ನಿಧಾನವನ್ನು ಹೈಪಾಕ್ಸಿಯಾ (ಆಮ್ಲಜನಕದ ಕೊರತೆ) ಎಂದು ಬರೆದುಕೊಂಡರೆ ತಪ್ಪು ಓದು, ಹೈಪಾಕ್ಸಿಯಾವನ್ನು ಭಾಷೆಯ ತೊಡಕೆಂದು ಬಿಟ್ಟರೆ ಅಪಾಯ. ಆದ್ದರಿಂದ ಚೇಂಬರಿಗೆ ಹೋಗುವ ಮುನ್ನ ನೆಲದ ಮೇಲೆ ಒಂದು ನಿಮಿಷ ಅವರದೇ ಭಾಷೆಯಲ್ಲಿ, ಕಾಗದದ ಮೇಲೆ ಲೆಕ್ಕ ಮಾಡಿಸಿ ಇಟ್ಟುಕೊಳ್ಳಿ. ಮೇಲೂ ಅದೇ ಭಾಷೆ, ಅದೇ ಕಾಗದ. ಎರಡು ಹಾಳೆ ಪಕ್ಕಪಕ್ಕ ಇಟ್ಟಾಗ ಲಿಪಿ ಯಾವುದಾದರೂ ಸರಿ, ಸಾಲು ಓರೆಯಾಗಿ ಕೆಳಗಿಳಿದದ್ದು, ಅಕ್ಷರ ದೊಡ್ಡದಾಗುತ್ತಾ ಹೋದದ್ದು ಕಣ್ಣಿಗೆ ಕಾಣುತ್ತದೆ.

ಸನ್ನೆಗಳನ್ನು ಮುಂಚೆ ಅಭ್ಯಾಸ ಮಾಡಿಸಿ. ಹೆಬ್ಬೆರಳು ಮೇಲೆತ್ತುವುದು ಕೆಲವು ದೇಶಗಳಲ್ಲಿ ಅಸಭ್ಯ. ನಾಚಿಕೆಯಿಂದ ಎತ್ತದೇ ಕೂತರೆ ಕಿಟಕಿಯಾಚೆಯವರಿಗೆ ಗಾಬರಿ. ನಮ್ಮ ತಲೆಯಾಡಿಸುವಿಕೆಯಂತೂ ಹೊರಗಿನವರಿಗೆ ಒಗಟು: ಹೌದೋ, ಅಲ್ಲವೋ, ನೋಡೋಣವೋ? ಚೇಂಬರಿನಲ್ಲಿ ತಲೆಯ ಸನ್ನೆ ಬೇಡ, ಕೈಯದು ಮಾತ್ರ ಎಂಬ ನಿಯಮ ಎಲ್ಲರಿಗೂ ಇರಲಿ, ನಮ್ಮವರಿಗೂ.

ಊಟ. ಹೊಟ್ಟೆಯೊಳಗಿನ ಗಾಳಿ 18,000 ಅಡಿಯಲ್ಲಿ ಎರಡು ಪಟ್ಟಿಗೂ ಮಿಗಿಲಾಗುತ್ತದೆ, 25,000 ಅಡಿಯಲ್ಲಿ ಸುಮಾರು ಮೂರು ಪಟ್ಟು. ಹಿಂದಿನ ರಾತ್ರಿ ರಾಜ್ಮಾ, ಕಡಲೆ, ಎಲೆಕೋಸು, ಸೋಡಾ ಬೇಡ. ಡಿಸೆಂಬರ್, ಜನವರಿಯಾದರೆ ಮೆಸ್ಸಿನ ಅವರೆಕಾಳು ಸಾರಿನ ದಿನವನ್ನು ಚೇಂಬರ್ ದಿನದ ಪಟ್ಟಿಗೆ ಹೋಲಿಸಿ ನೋಡಿ. ಸೊನೆ ಅವರೆಯ ರುಚಿಗೆ ಮಾರುಹೋದ ಅತಿಥಿ ಎರಡು ಬಟ್ಟಲು ಸೇರಿಸಿ ಮರುದಿನ 20,000 ಅಡಿಯಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಾರೆ, ಸಭ್ಯತೆಗೆ ಕಟ್ಟುಬಿದ್ದು ಹೂಸು ಬಿಡುವುದೂ ಇಲ್ಲ. ‘ಇಲ್ಲಿ ಬಿಡುವುದೇ ಶಿಸ್ತು’ ಎಂದು ಬಾಯಿಬಿಟ್ಟು ಹೇಳಬೇಕು. ಹಾಗೆಂದು ಖಾಲಿ ಹೊಟ್ಟೆಯೂ ಬೇಡ, ಎರಡು ಇಡ್ಲಿ, ಚಟ್ನಿ ತಿಂದು ಬರಲಿ.

ನೆಗಡಿ ಇದ್ದರೆ ಚೇಂಬರ್ ಇಲ್ಲ. ಬೆಂಗಳೂರಿಗೆ ಹೊಸದಾಗಿ ಬಂದವರಿಗೆ ಮೊದಲ ವಾರಗಳಲ್ಲಿ ಮೂಗು ಕಟ್ಟುವುದು ಸಾಮಾನ್ಯ. ಬ್ಯಾಚಿನಿಂದ ಹಿಂದುಳಿಯುವ ಭಯಕ್ಕೆ ಅವರು ಹೇಳುವುದಿಲ್ಲ. ಏರುವಾಗ ಏನೂ ಆಗುವುದಿಲ್ಲ, ಇಳಿಯುವಾಗ ಕಿವಿಗೆ ಸೂಜಿ ಚುಚ್ಚಿದಂತಾಗುತ್ತದೆ. ಬೆಳಗ್ಗೆ ಕಿವಿಯೊಳಗೆ ನೋಡುವ ಆಟೋಸ್ಕೋಪ್ ಹಿಡಿದು, ಮೂಗು ಮುಚ್ಚಿ ಊದಿಸಿ, ಕಿವಿಯ ಪರದೆ ಅಲುಗಿದ್ದನ್ನು ನೋಡಿಯೇ ಒಳಗೆ ಬಿಡಿ. ‘ಇನ್ನೊಂದು ಬ್ಯಾಚ್ ಇಂಥ ದಿನ ಇದೆ, ಇವತ್ತು ಬಿಟ್ಟರೆ ಅಂಕ ಹೋಗುವುದಿಲ್ಲ’ ಎಂದು ಮುಂಚೆಯೇ ದಿನಾಂಕ ಸಮೇತ ಹೇಳಿದರೆ ನೆಗಡಿ ತಾನೇ ಹೊರಬರುತ್ತದೆ.

ಗಡ್ಡದ ಮಾತು ಸೂಕ್ಷ್ಮ. ಎತ್ತರಕ್ಕೆ ಹೋಗುವ ಮುನ್ನ 30 ನಿಮಿಷ ಶುದ್ಧ ಆಮ್ಲಜನಕ ಉಸಿರಾಡಿಸಿ ದೇಹದ ಸಾರಜನಕ ಇಳಿಸುತ್ತಾರೆ. ಮಾಸ್ಕಿನ ಅಂಚು ಗಡ್ಡದ ಮೇಲೆ ಕೂತರೆ ಹೊರಗಾಳಿ ಸೋರಿ ಬಂದು ಆ ಅರ್ಧ ಗಂಟೆ ವ್ಯರ್ಥ. ಧರ್ಮದ ಕಾರಣಕ್ಕೆ ಗಡ್ಡ ಬಿಟ್ಟವರನ್ನು ಚೇಂಬರಿನ ಬಾಗಿಲಲ್ಲಿ ನಿಲ್ಲಿಸಿ ವಾದ ಮಾಡಬೇಡಿ. ವಾರ ಮುಂಚೆ ಮಾಸ್ಕ್ ಹಾಕಿಸಿ ಸೋರಿಕೆ ನೋಡಿ, ಸೋರಿದರೆ ಕಾರಣ ಹೇಳಿ, ನಿರ್ಧಾರ ಅವರಿಗೆ ಬಿಡಿ. ವೀಕ್ಷಕರಾಗಿ ಕಿಟಕಿಯ ಹೊರಗೆ ನಿಂತು ಕಲಿಯುವ ದಾರಿಯೂ ಇರಲಿ.

ಮುಗಿದ ಮೇಲೆ ಎರಡು ವಿಷಯ, ಎರಡೂ ರಾತ್ರಿಯವು. ಶುದ್ಧ ಆಮ್ಲಜನಕ ಉಸಿರಾಡಿದ್ದರಿಂದ ಮಧ್ಯಕಿವಿಯಲ್ಲೂ ಅದೇ ತುಂಬಿರುತ್ತದೆ. ದೇಹ ಅದನ್ನು ನಿಧಾನವಾಗಿ ಹೀರಿಕೊಂಡಂತೆ ಪರದೆ ಒಳಕ್ಕೆ ಸೆಳೆಯುತ್ತದೆ. ನಿದ್ದೆಯಲ್ಲಿ ಎಂಜಲು ನುಂಗುವುದೂ ಕಡಿಮೆ. ನಡುರಾತ್ರಿ ಕಿವಿ ಕಟ್ಟಿ ನೋಯುತ್ತಾ ಎಚ್ಚರವಾಗುತ್ತದೆ. ಮಲಗುವ ತನಕ ಗಂಟೆಗೆ ನಾಲ್ಕೈದು ಸಲ ಮೂಗು ಮುಚ್ಚಿ ಊದಿ ಎಂದು ಹೇಳಿ ಕಳುಹಿಸಿ. ಇನ್ನೊಂದು, ಕೀಲು ನೋವು. ಮಂಡಿ, ಭುಜ, ಮೊಣಕೈಯಲ್ಲಿ ಆಳದ ನೋವು ಬಂದರೆ ಅದು ಡಿಕಂಪ್ರೆಶನ್ ಸಿಕ್‌ನೆಸ್ (ಒತ್ತಡ ಇಳಿದಾಗ ದೇಹದಲ್ಲಿ ಸಾರಜನಕ ಗುಳ್ಳೆಯಾಗಿ ಬರುವ ತೊಂದರೆ) ಆಗಿರಬಹುದು, ಗಂಟೆಗಳ ಬಳಿಕವೂ ಕಾಣಿಸಿಕೊಳ್ಳಬಹುದು. ನಮ್ಮವರು ಪಕ್ಕದ ರೂಮಿನವರಿಗೆ ಹೇಳುತ್ತಾರೆ. ವಿದೇಶಿ ವಿದ್ಯಾರ್ಥಿ ‘ಬೆಳಗಿನ ಪಿ.ಟಿ.ಯ ನೋವು’ ಎಂದುಕೊಂಡು ಮಾತ್ರೆ ನುಂಗಿ ಮಲಗುತ್ತಾರೆ. ಹಾಗಾಗಿ ಡ್ಯೂಟಿ ಡಾಕ್ಟರ ನಂಬರನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಿ, ರಾತ್ರಿ ಒಂಬತ್ತಕ್ಕೆ ಬಡ್ಡಿ ಖುದ್ದಾಗಿ ರೂಮಿಗೆ ಹೋಗಿ ‘ಮಂಡಿ ಮಡಚಿ ತೋರಿಸಿ’ ಎನ್ನಲಿ. ಮುಂದಿನ 24 ಗಂಟೆ ವಿಮಾನ ಪ್ರಯಾಣ ಬೇಡ. ಶುಕ್ರವಾರ ಚೇಂಬರ್ ಇಟ್ಟರೆ ಆ ರಾತ್ರಿಯ ದೆಹಲಿ ಟಿಕೆಟ್ ಯಾರಾದರೂ ತೆಗೆದಿದ್ದಾರೆಯೇ ವಿಚಾರಿಸಿ. ವಾರಾಂತ್ಯಕ್ಕೆ ತಾಜ್‌ಮಹಲ್ ನೋಡುವ ಯೋಜನೆ ಇದ್ದೇ ಇರುತ್ತದೆ.

ಸೆಂಟ್ರಿಫ್ಯೂಜ್ ಮತ್ತು ರಂಜಾನ್

ಸೆಂಟ್ರಿಫ್ಯೂಜ್ ಎಂದರೆ ಕೂತವರನ್ನು ಜೋರಾಗಿ ಸುತ್ತಿಸಿ ಯುದ್ಧವಿಮಾನದ ತಿರುವಿನಂಥ ಗುರುತ್ವದ ಒತ್ತಡ ಕೊಡುವ ಯಂತ್ರ. ಆ ಒತ್ತಡಕ್ಕೆ ರಕ್ತ ಕಾಲಿಗೆ ಇಳಿಯುತ್ತದೆ. ತಡೆಯುವ ವಿಧಾನ ಕಾಲು, ತೊಡೆ, ಹೊಟ್ಟೆಯ ಸ್ನಾಯು ಬಿಗಿಹಿಡಿದು ಸುಮಾರು 3 ಸೆಕೆಂಡಿಗೊಮ್ಮೆ ಚಿಕ್ಕ ಉಸಿರು. ಮಾತಿನಲ್ಲಿ ಹೇಳಿದರೆ ತಿಳಿಯದು. ಕುರ್ಚಿಯ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತು, ಜೊತೆಗೆ ಮಾಡಿ ತೋರಿಸಿ. ಮೊದಲು ದೃಷ್ಟಿ ಬೂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಆಮೇಲೆ ಪ್ರಜ್ಞೆ. ‘ಬೂದು ಕಂಡಾಗಲೇ ನಿಲ್ಲಿಸು ಎನ್ನಿ’ ಎಂಬುದನ್ನು ಮೂರು ಸಲ ಹೇಳಿಸಿ, ಏಕೆಂದರೆ ದೇಶದ ಮಾನ ತನ್ನ ಮೇಲಿದೆ ಎಂದು ಹಲ್ಲು ಕಚ್ಚಿ ಕೂರುವವರು ಇವರೇ.

ನೀರು ಕಡಿಮೆಯಾದ ದೇಹಕ್ಕೆ ಈ ತಾಳಿಕೆ ಕಡಿಮೆ. ರಂಜಾನ್ ಉಪವಾಸದಲ್ಲಿರುವವರಿಗೆ ಸೆಂಟ್ರಿಫ್ಯೂಜ್ ಇಡಬೇಡಿ, ಚೇಂಬರ್ ಕೂಡ. ರಕ್ತದ ಸಕ್ಕರೆ ಇಳಿದದ್ದಕ್ಕೂ ಆಮ್ಲಜನಕ ಇಳಿದದ್ದಕ್ಕೂ ಲಕ್ಷಣಗಳು ಬೆರೆತುಹೋಗುತ್ತವೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮೊದಲೇ ಬರುತ್ತದೆ, ಕಳೆದ ವರ್ಷದ ಕೋರ್ಸ್ ಕ್ಯಾಲೆಂಡರ್ ನಕಲು ಮಾಡಿದರೆ ತಪ್ಪುತ್ತದೆ. ಎಂಜಿನಿಯರಿಂಗ್ ಸೆಕ್ಷನ್ನಿನವರ ಜೊತೆ ಕೂತು ಆ ತಿಂಗಳನ್ನು ಉಪನ್ಯಾಸಕ್ಕೆ, ಲೈಬ್ರರಿಗೆ ಬಿಡಿ. ಮೆಸ್ಸಿನವರಿಗೆ ಹೇಳಿ ನಸುಕಿನ ಸಹರಿಗೆ ಹಾಟ್‌ಕೇಸಿನಲ್ಲಿ ಊಟ ತೆಗೆದಿಡಿಸಿ. ಮಹಿಳಾ ವಿದ್ಯಾರ್ಥಿಗಳಿಗೆ ಇಸಿಜಿ ಲೀಡ್ ಹಚ್ಚಲು ಮಹಿಳಾ ಸಿಬ್ಬಂದಿ ಆ ದಿನ ಇರುತ್ತಾರೆಯೇ, ಜಿ-ಸೂಟ್ (ರಕ್ತ ಕೆಳಗಿಳಿಯದಂತೆ ಕಾಲು, ಹೊಟ್ಟೆ ಒತ್ತಿಹಿಡಿಯುವ ಉಡುಪು) ಅವರ ಅಳತೆಗೆ ಇದೆಯೇ ಎಂದು ಹಿಂದಿನ ವಾರವೇ ನೋಡಿ.

ಗೇಟಿನ ಹೊರಗೆ

ಹೆಚ್ಚು ಬೇಡ, ಹತ್ತು ಕನ್ನಡ ಮಾತು ಸಾಕು: ಮೀಟರ್ ಹಾಕಿ, ಇಲ್ಲೇ ನಿಲ್ಲಿಸಿ, ಎಷ್ಟು, ಚಿಲ್ಲರೆ ಇಲ್ಲ, ಖಾರ ಕಡಿಮೆ, ಸಾಕು, ನೀರು ಕೊಡಿ, ಗೊತ್ತಿಲ್ಲ, ಬೇಡ, ಹೋಗ್ಬರ್ತೀನಿ. ಅವರದೇ ಲಿಪಿಯಲ್ಲಿ ಬರೆದುಕೊಳ್ಳಲಿ. ಪುಣೆಯ ಎಎಫ್‌ಎಂಸಿಗೆ ಹೋದವರಿಗೆ ಈ ಪಟ್ಟಿ ಉದ್ದವಾಗಬೇಕು. ಅಲ್ಲಿ ವಾರ್ಡಿನ ರೋಗಿಯನ್ನು ‘ಎಲ್ಲಿ ನೋವು, ಯಾವಾಗಿನಿಂದ, ಚುಚ್ಚುತ್ತದೋ ಉರಿಯುತ್ತದೋ’ ಎಂದು ಹಿಂದಿಯಲ್ಲಿ ಕೇಳದೆ ಕೇಸ್ ಬರೆಯಲಾಗದು. ಒಂದು ಹಾಳೆಯಲ್ಲಿ ಮೂವತ್ತು ಪ್ರಶ್ನೆ, ಪ್ರತಿಯೊಂದಕ್ಕೂ ರೋಗಿ ಕೊಡಬಹುದಾದ ಎರಡು ಮೂರು ಉತ್ತರ ಬರೆದುಕೊಡಿ. ಪ್ರಶ್ನೆ ಕೇಳುವುದನ್ನು ಎಲ್ಲರೂ ಕಲಿಸುತ್ತಾರೆ, ಉತ್ತರ ಕೇಳಿಸಿಕೊಳ್ಳುವುದನ್ನು ಯಾರೂ ಕಲಿಸುವುದಿಲ್ಲ.

ಕುಟುಂಬ ಕರೆತರುವವರು ಹೊರಗೆ ಮನೆ ಹುಡುಕುತ್ತಾರೆ. ವಿದೇಶಿಯರು ಎಂದಕೂಡಲೇ ಮಾಲೀಕರು ಹಿಂಜರಿಯುವುದು ಬಹುಪಾಲು 24 ಗಂಟೆಯ ಆ ಆನ್‌ಲೈನ್ ಫಾರ್ಮಿಗೆ ಹೆದರಿ. ಆಫೀಸಿನ ಒಬ್ಬರು ಮಾಲೀಕರ ಪಕ್ಕ ಕೂತು ಅದನ್ನು ತುಂಬಿಸಿಕೊಟ್ಟರೆ ಮನೆ ಸಿಕ್ಕಿತೆಂದೇ ಲೆಕ್ಕ.

ಒಂದೇ ಬ್ಯಾಚಿನಲ್ಲಿ ಪರಸ್ಪರ ಆಗದ ಎರಡು ದೇಶದವರು ಬರಬಹುದು. ಒಟ್ಟಿಗೆ ಒಂದು ರೂಮು ಕೊಡಬೇಡಿ, ಆದರೆ ಬೇರೆ ಬೇರೆ ಮೂಲೆಗೂ ತಳ್ಳಬೇಡಿ. ಅವರ ದೇಶದಲ್ಲಿ ಗಲಭೆಯೋ ಭೂಕಂಪವೋ ಆದ ದಿನ ಟಿವಿ ಕೋಣೆಯಲ್ಲಿ ಅಭಿಪ್ರಾಯ ಕೇಳದಿರುವುದೇ ದೊಡ್ಡ ಉಪಕಾರ. ‘ಮನೆಯವರ ಫೋನ್ ಸಿಕ್ಕಿತೇ?’ ಎಂದಷ್ಟೇ ಕೇಳಿ.

ಹೊರಡುವಾಗ

ಪರೀಕ್ಷೆಯ ದಿನಾಂಕಕ್ಕೂ ವೀಸಾ ಮುಗಿಯುವ ದಿನಾಂಕಕ್ಕೂ ನಡುವೆ ಎಷ್ಟು ಅಂತರ ಇದೆ ಎಂದು ಆರು ತಿಂಗಳು ಮುಂಚೆಯೇ ನೋಡಿ. ಪರೀಕ್ಷೆ ಮುಂದೆ ಹೋಗುವುದು ನಮ್ಮಲ್ಲಿ ಹೊಸದಲ್ಲ. ವಿಸ್ತರಣೆಯ ಅರ್ಜಿ ಅವಧಿ ಮುಗಿಯುವ ಮುನ್ನವೇ ಹೋಗಬೇಕು.

ಕಾಗದಗಳಲ್ಲಿ ಪದವಿ ಪತ್ರ ಒಂದೇ ಸಾಲದು. ಅಂಕಪಟ್ಟಿ, ಪಠ್ಯಕ್ರಮದ ಸೀಲು ಹಾಕಿದ ಪ್ರತಿ, ಪ್ರಾಯೋಗಿಕ ತರಬೇತಿಯ ಗಂಟೆಗಳ ಪತ್ರ ಕೂಡ ಬೇಕು. ಕಡೆಯದನ್ನು ಎಲ್ಲರೂ ಮರೆಯುತ್ತಾರೆ, ಅವರ ದೇಶದ ಕೌನ್ಸಿಲ್ ಮೊದಲು ಕೇಳುವುದೂ ಅದನ್ನೇ. ಅವರ ದೇಶ ದಾಖಲೆಗಳ ಮಾನ್ಯತೆಯ ಹೇಗ್ ಒಪ್ಪಂದದಲ್ಲಿದ್ದರೆ ಅಪೋಸ್ಟಿಲ್ ಎಂಬ ಒಂದೇ ದೃಢೀಕರಣ ಮುದ್ರೆ ಸಾಕು, ಇಲ್ಲದಿದ್ದರೆ ವಿದೇಶಾಂಗ ಸಚಿವಾಲಯದ ದೃಢೀಕರಣದ ಮೇಲೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಘಟಿಕೋತ್ಸವ ಅವರು ಹೋದ ಮೇಲೆ ನಡೆಯುವುದರಿಂದ ಪದವಿ ಪತ್ರ ಪಡೆಯಲು ಇಲ್ಲಿಯ ಒಬ್ಬರ ಹೆಸರಿಗೆ ಅಧಿಕಾರ ಪತ್ರ ಬರೆಸಿಟ್ಟುಕೊಳ್ಳಿ. ಅದಕ್ಕೆ ಹಾಕುವ ಸಹಿ ಪಾಸ್‌ಪೋರ್ಟಿನ ಸಹಿಯಂತೆಯೇ ಇದೆಯೇ, ಅಲ್ಲೇ ನಿಂತು ನೋಡಿ.